ಇಳಕಲ್ ಕೈಮಗ್ಗದ ಸೀರೆ: ಎರಡು ವರ್ಷ ಉಟ್ಟು ಒಗೆದ ಮೇಲೆ

ಎರಡು ವರ್ಷದ ಹಿಂದಿನ ಶ್ರಾವಣದಲ್ಲಿ ಬಾಗಲಕೋಟೆ ಜಿಲ್ಲೆಯ ಇಳಕಲ್‌ಗೆ ಹೋದಾಗ ಅಲ್ಲಿನ ಒಂದು ಹಳೆಯ ಅಂಗಡಿಯಲ್ಲಿ ನಾನು ಕೊಂಡ ಕೈಮಗ್ಗದ ಸೀರೆಯ ವಿಮರ್ಶೆ ಇದು. ಒಡಲು ನವಿಲುಗಪ್ಪು ಬಣ್ಣದ ಹತ್ತಿ, ದಡಿ ಮತ್ತು ಸೆರಗು ಕೆಂಪು. ದಡಿಯ ಹಾಸಿನಲ್ಲಿ, ಅಂದರೆ ಉದ್ದದ ಎಳೆಗಳಲ್ಲಿ, ರೇಷ್ಮೆಯಿದೆ, ಸೆರಗಿನ ಹಾಸಿನಲ್ಲಿ ಅಲ್ಲಿನವರು ಚಮಕಾ ಎನ್ನುವ ಕೃತಕ ರೇಷ್ಮೆಯಿದೆ. ಬೆಲೆ 4,200 ರೂಪಾಯಿ, ಶೇಕಡಾ 5ರ ಜಿಎಸ್‌ಟಿ ಸೇರಿ 4,410. ಮೂಲೆಯಲ್ಲಿ ಹ್ಯಾಂಡ್‌ಲೂಮ್ ಮಾರ್ಕ್ ಎಂಬ, ಬಟ್ಟೆ ಕೈಮಗ್ಗದ್ದೆಂದು ಸಾರುವ ಚೀಟಿ ಹೊಲಿದಿತ್ತು. ಜೊತೆಗೆ ಅಂಗಡಿಯವರು ತಾವೇ ಮುದ್ರಿಸಿದ ಒಂದು ಕ್ಯೂಆರ್ ಕಾರ್ಡನ್ನೂ ಇಟ್ಟುಕೊಟ್ಟಿದ್ದರು. ಈ ಎರಡು ವರ್ಷದಲ್ಲಿ ಸೀರೆಯನ್ನು ನಲವತ್ತಕ್ಕೂ ಹೆಚ್ಚು ಸಲ ಉಟ್ಟಿದ್ದೇನೆ. ಕಚೇರಿಗೆ, ಮದುವೆಗೆ, ಬಸ್ಸಿನ ದೂರ ಪ್ರಯಾಣಕ್ಕೆ, ಒಮ್ಮೆ ಸುರಿಯುವ ಮಳೆಯಲ್ಲೂ ಉಟ್ಟಿದ್ದೇನೆ. ಆದ್ದರಿಂದ ಪೆಟ್ಟಿಗೆಯಿಂದ ತೆಗೆದ ದಿನದ ಸಂಭ್ರಮದಲ್ಲಿ ಬರೆಯುವ ಮಾತುಗಳಿವಲ್ಲ.

ಅಂಗಡಿಯಲ್ಲಿ ಸೀರೆ ಬಿಡಿಸಿ ತೋರಿಸಿದ ಹಿರಿಯ ಹೆಣ್ಣುಮಗಳು, ತಾನೂ ಮೊದಲು ಮಗ್ಗದಲ್ಲಿ ಕೂತವಳೆಂದು ಹೇಳಿಕೊಂಡಾಕೆ, ನಾನು ಸೆರಗಿನ ಅಂದವನ್ನು ನೋಡುತ್ತ ನಿಂತಾಗ ನನ್ನ ಕೈಯಿಂದ ಬಟ್ಟೆ ತೆಗೆದುಕೊಂಡು ತಿರುವಿ ಹಿಡಿದರು. "ಮ್ಯಾಲಿಂದ ನೋಡಬ್ಯಾಡ್ರಿ ಅಕ್ಕಾರ, ಹಿಂದಿಂದ ನೋಡ್ರಿ. ದಡಿ ಒಡಲಿಗೆ ಎಲ್ಲಿ ಕೂಡತೈತಿ, ಅಲ್ಲಿ ಬೆರಳಾಡಸ್ರಿ" ಎಂದರು. ಬೆರಳಾಡಿಸಿದೆ. ಕೆಂಪು ದಡಿ ಮುಗಿದು ಕಪ್ಪು ಒಡಲು ಶುರುವಾಗುವ ಗೆರೆಯಲ್ಲಿ ಕೆಂಪು ಹೊಕ್ಕು, ಅಂದರೆ ಅಡ್ಡ ಎಳೆ, ಬಂದು ಕಪ್ಪು ಹೊಕ್ಕನ್ನು ಹಿಡಿದು ಹಿಂದಿರುಗುತ್ತದೆ, ಕಪ್ಪು ಅದೇ ಜಾಗದಿಂದ ತನ್ನ ದಾರಿ ಹಿಡಿಯುತ್ತದೆ. ಪ್ರತಿ ಎಳೆಯಲ್ಲೂ ಹೀಗೆ ಒಂದು ಕೊಂಡಿ. ಎಡದ ದಡಿಗೆ ಒಂದು, ಒಡಲಿಗೆ ಒಂದು, ಬಲದ ದಡಿಗೆ ಒಂದು ಎಂದು ಮೂರು ಲಾಳಿ ಓಡಿಸಿ ನೇಯ್ದರೆ ಮಾತ್ರ ಇದು ಬರುತ್ತದೆ. ಆದ್ದರಿಂದಲೇ ದಡಿಯ ಕೆಂಪು ಅಪ್ಪಟ ಕೆಂಪಾಗಿ ಉಳಿಯುತ್ತದೆ. ಒಡಲಿನ ಕಪ್ಪು ಎಳೆ ಅದರೊಳಗೆ ಹಾದುಹೋಗಿ ಅದನ್ನು ಮಂಕಾಗಿಸುವುದಿಲ್ಲ. ನನ್ನ ಅಜ್ಜಿ ಜೀವಮಾನವಿಡೀ ಇಳಕಲ್ ಸೀರೆಯನ್ನೇ ಉಟ್ಟವರು. ಆದರೂ ಈ ಕೊಂಡಿಯನ್ನು ನಾನು ಕಣ್ಣಿಟ್ಟು ನೋಡಿದ್ದು ಅಂದೇ ಮೊದಲು.

ಇದಕ್ಕಿಂತ ಕಷ್ಟದ ಕೆಲಸ ಸೆರಗಿನದು. ಸಾಮಾನ್ಯವಾಗಿ ಮಗ್ಗಕ್ಕೆ ಒಂದು ಉದ್ದನೆಯ ಹಾಸನ್ನು ಏರಿಸಿಕೊಂಡರೆ ಒಂದರ ಹಿಂದೊಂದು ಹಲವು ಸೀರೆಗಳನ್ನು ನೇಯಬಹುದು. ಸಾಂಪ್ರದಾಯಿಕ ಇಳಕಲ್ ಸೀರೆಯಲ್ಲಿ ಹಾಗಾಗುವುದಿಲ್ಲ. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕು, ಅದೂ ಪ್ರತಿ ಸೀರೆಗೂ ಹೊಸದಾಗಿ. ಹೀಗೆ ಕೂಡಿಸಿದ ಸೆರಗೇ ತೋಪು ತೆನೆ ಸೆರಗು. ಮೂರು ಪಟ್ಟಿ ಕೆಂಪು, ನಡುವೆ ಎರಡು ಪಟ್ಟಿ ಬಿಳಿ. ಆ ಬಿಳಿಯ ಅಂಚಿನಲ್ಲಿ ಮೂಡುವ ಆಕಾರಗಳಿಗೆ ಹಣಿಗೆ, ಕೋಟಿ ಕಮ್ಮಲಿ, ತೋಪು ತೆನೆ, ರಂಪ ಎಂದು ಹೆಸರುಗಳಿವೆ: ಬಾಚಣಿಗೆಯ ಹಲ್ಲು, ಕೋಟೆಯ ತೆನೆ, ಜೋಳದ ತೆನೆ, ಗುಡ್ಡದ ಸಾಲು. ಆ ಸೀಮೆಯಲ್ಲಿ ಕಣ್ಣಿಗೆ ಬೀಳುವುದೆಲ್ಲ ಸೆರಗಿಗೆ ಬಂದು ಕೂತಿದೆ. ಹಾಸು ಹೂಡಿ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿ, ನೇಯ್ದು ಮಗ್ಗದಿಂದ ಇಳಿಸುವ ಹೊತ್ತಿಗೆ ಒಂದು ಸೀರೆಗೆ ಏಳು ದಿನ ಹಿಡಿಯುತ್ತದೆ. ಇದರಲ್ಲಿ ನೇಯುವ ಕೈ ಒಂದೇ ಅಲ್ಲ. ನೂಲು ಸಿದ್ಧಮಾಡುವ, ಕುಣಿಕೆ ಹಾಕುವ ಕೆಲಸದ ಬಹುಪಾಲನ್ನು ಮನೆಯ ಹೆಂಗಸರು ಮಾಡುತ್ತಾರೆ. 2019-20ರ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ನೇಕಾರರು ಮತ್ತು ಪೂರಕ ಕೆಲಸದವರು ಸೇರಿ 35.22 ಲಕ್ಷ ಮಂದಿ ಇದ್ದಾರೆ. ಅವರಲ್ಲಿ ಶೇಕಡಾ 70ಕ್ಕೂ ಹೆಚ್ಚು ಹೆಂಗಸರು. ಸೀರೆ ಕೊಳ್ಳುವಾಗ ನಾವು "ನೇಕಾರ" ಎಂದು ಒಬ್ಬ ಗಂಡಸನ್ನು ಕಲ್ಪಿಸಿಕೊಳ್ಳುವ ರೂಢಿಯನ್ನು ಬಿಡಲು ಈ ಒಂದು ಅಂಕಿ ಸಾಕು.

ಬಾಳಿಕೆಯ ವಿಷಯಕ್ಕೆ ಬರುತ್ತೇನೆ. ಮೊದಲ ಎರಡು ಒಗೆತದಲ್ಲಿ ಸೆರಗಿನ ಕೆಂಪು ಸ್ವಲ್ಪ ಬಿಟ್ಟಿತು, ಮೂರನೆಯದರಲ್ಲಿ ನಿಂತಿತು. ತಣ್ಣೀರಿನಲ್ಲಿ ಬೇರೆಯಾಗಿ, ಸೌಮ್ಯವಾದ ಸಾಬೂನಿನಲ್ಲಿ, ನೆನೆಹಾಕದೆ ಒಗೆದು ನೆರಳಿನಲ್ಲಿ ಒಣಗಿಸಿದ್ದೇನೆ. ಒಡಲಿನ ಹತ್ತಿ ಒಗೆದಷ್ಟೂ ಮೆತ್ತಗಾಗಿದೆ. ಮೊದಲಿದ್ದ ಗಂಜಿಯ ಬಿಗುವು ಹೋದ ಮೇಲೆ ನೆರಿಗೆ ಹೇಳಿದಂತೆ ಕೇಳುತ್ತದೆ, ಬೇಸಿಗೆಯಲ್ಲಿ ಬೆವರನ್ನು ಹೀರಿಕೊಳ್ಳುತ್ತದೆ. ಕೊಂಡಿ ಎಲ್ಲಿಯೂ ಸಡಿಲಾಗಿಲ್ಲ. ತಕರಾರು ಇರುವುದು ಸೆರಗಿನ ಬಗ್ಗೆ. ಚಮಕಾ ಎಳೆ ಹೊಳಪಿನದಾದರೂ ನಯ ಹೆಚ್ಚು. ಬಳೆಯ ಚೂಪು ತಾಗಿದಲ್ಲೆಲ್ಲ ಎಳೆ ಎದ್ದು ನಿಂತಿದೆ. ನೀರಿನಲ್ಲಿ ನೆನೆದಾಗ ಅದರ ಬಲವೂ ಕುಂದುತ್ತದೆ, ಹಿಂಡಬಾರದು. ಮಳೆಯಲ್ಲಿ ನೆನೆದ ದಿನ ಗೊತ್ತಿಲ್ಲದೆ ಸೆರಗಿನ ತುದಿ ಹಿಂಡಿದ್ದರಿಂದ ಒಂದು ಬೆರಳಗಲ ಜಾಗ ಸುಕ್ಕಾಗಿ ಉಳಿದಿದೆ. ಇದನ್ನು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ. ಒಗೆಯುವ ವಿಧಾನವನ್ನು ನಾಲ್ಕು ಸಾಲಿನಲ್ಲಿ ಕನ್ನಡದಲ್ಲಿ ಬರೆದ ಒಂದು ಚೀಟಿ ಸೀರೆಯ ಮಡಿಕೆಯಲ್ಲಿದ್ದಿದ್ದರೆ ಆ ಸುಕ್ಕು ಬೀಳುತ್ತಿರಲಿಲ್ಲ.

ಹೋಲಿಕೆಗೆ ಇನ್ನೊಂದು ಸೀರೆಯ ಮಾತು ಹೇಳಲೇಬೇಕು. ಅದೇ ವರ್ಷ ದೀಪಾವಳಿಗೆ ತಂಗಿಗೆಂದು ಒಬ್ಬ ಆನ್‌ಲೈನ್ ಮಾರಾಟಗಾರನಿಂದ "ಅಪ್ಪಟ ಇಳಕಲ್ ಕೈಮಗ್ಗ" ಎಂಬ ವಿವರಣೆ ಓದಿ 1,150 ರೂಪಾಯಿಗೆ ಒಂದು ಸೀರೆ ತರಿಸಿದೆ. ಫೋಟೋದಲ್ಲಿ ಎರಡೂ ಅಕ್ಕತಂಗಿಯರಂತೆಯೇ ಕಾಣುತ್ತಿದ್ದವು. ಬಂದ ಮೇಲೆ ಹಿಂದೆ ತಿರುವಿ ನೋಡಿದೆ: ಕೊಂಡಿಯಿಲ್ಲ, ಒಡಲಿನ ಹೊಕ್ಕೇ ದಡಿಯೊಳಕ್ಕೂ ಓಡಿದೆ, ಕೆಂಪು ಕಂದಿದಂತಾಗಿದೆ. ಸೆರಗಿನ ಕುಣಿಕೆಯೂ ಇಲ್ಲ. ಒಂದು ಎಳೆ ಕಿತ್ತು ಸುಟ್ಟು ನೋಡಿದರೆ ಬೂದಿಯಾಗುವ ಬದಲು ಕರಗಿ ಗಟ್ಟಿ ಗುಂಡಾಯಿತು, ಪಾಲಿಯೆಸ್ಟರ್. ವಿದ್ಯುತ್ ಮಗ್ಗದ ಸೀರೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಅದನ್ನು ನೇಯುವವರೂ ಹಗಲಿರುಳು ದುಡಿಯುವವರೇ, ಸಾವಿರ ರೂಪಾಯಿಗೆ ಸೀರೆ ಬೇಕಾದವರಿಗೆ ಅದು ಬೇಕು. ಆದರೆ ಅದನ್ನು ಅದರ ಹೆಸರಿನಲ್ಲೇ ಮಾರಬೇಕು. 1985ರ ಕೈಮಗ್ಗ ಮೀಸಲಾತಿ ಕಾಯ್ದೆ ಇರುವುದೇ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೆ ಬಿಟ್ಟುಕೊಡಬೇಕೆಂದು. ಊರಿನ ಹೆಸರನ್ನು ಆ ಊರಿನ ಸರಕಿಗೇ ಮೀಸಲಿಡುವ ಭೌಗೋಳಿಕ ಸೂಚಕದ (ಜಿಐ) ರಕ್ಷಣೆಯೂ ಇಳಕಲ್ ಸೀರೆಗೆ ಇದೆ. ಇಷ್ಟಿದ್ದರೂ ಫೋನಿನ ಪರದೆಯ ಮೇಲೆ ಏಳು ದಿನದ ಸೀರೆಯೂ ಕೆಲವೇ ತಾಸಿನ ಸೀರೆಯೂ ಒಂದೇ ಹೆಸರು ಹೊತ್ತು ಅಕ್ಕಪಕ್ಕ ಕೂತಿವೆ, ಬೆಲೆಯ ಪ್ರಕಾರ ಜೋಡಿಸಿದರೆ ಸೋಗಿನ ಸೀರೆಯೇ ಮೊದಲು ಕಾಣುತ್ತದೆ. ಕೈಮಗ್ಗಕ್ಕೆ ಡಿಜಿಟಲ್ ಮಾರುಕಟ್ಟೆ ತಂದಿರುವ ದೊಡ್ಡ ಪೆಟ್ಟು ಇದೇ ಎಂದು ನನಗೆ ಅನ್ನಿಸುತ್ತದೆ.

ಪರಿಸರದ ದೃಷ್ಟಿಯಿಂದ ಈ ಸೀರೆ ಎಷ್ಟು ಒಳ್ಳೆಯದು ಎಂಬ ಪ್ರಶ್ನೆಗೆ ಅರ್ಧ ಉತ್ತರ ಸುಲಭ. ಕುಣಿ ಮಗ್ಗಕ್ಕೆ ವಿದ್ಯುತ್ ಬೇಡ. ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತ ಒಬ್ಬರ ಕೈಕಾಲಿನ ಬಲದಲ್ಲೇ ಅದು ನಡೆಯುತ್ತದೆ. ಅಜ್ಜಿಯ ಒಂದು ಸೀರೆಯ ಒಡಲು ಹರಿದ ಮೇಲೆ ಕೌದಿಯಾಗಿ, ಅದರ ಸೆರಗು ಕುಬಸವಾಗಿ, ಉಳಿದ ಚೂರು ಒರೆಸುವ ಬಟ್ಟೆಯಾಗಿ ಇಪ್ಪತ್ತೈದು ವರ್ಷ ಬಾಳಿದ್ದನ್ನು ನಾನೇ ನೋಡಿದ್ದೇನೆ. ಉಳಿದ ಅರ್ಧ ಉತ್ತರ ಕಷ್ಟದ್ದು. ಚಮಕಾ ಮರದ ತಿರುಳಿನಿಂದಲೇ ಬರುತ್ತದೆ ಎಂದು ಸಮಾಧಾನಪಡುವಂತಿಲ್ಲ. ಆ ತಿರುಳನ್ನು ಎಳೆಯಾಗಿಸುವ ಕೆಲಸದಲ್ಲಿ ಕಾಸ್ಟಿಕ್ ಸೋಡಾ, ಕಾರ್ಬನ್ ಡೈಸಲ್ಫೈಡ್‌ನಂಥ ರಾಸಾಯನಿಕಗಳು ಬೇಕು. ಮರದ ತಿರುಳು ಮತ್ತು ಕೃತಕ ನಾರಿನ ಕೈಗಾರಿಕೆ ನದಿಗೆ ಏನು ಮಾಡಬಲ್ಲದು ಎಂಬುದನ್ನು ಕರ್ನಾಟಕದವರಿಗೆ ಬೇರೆ ಯಾರೂ ಕಲಿಸಬೇಕಿಲ್ಲ. 1980ರ ದಶಕದಲ್ಲಿ ಹರಿಹರದ ಬಳಿ ತುಂಗಭದ್ರೆಯ ಮಾಲಿನ್ಯದ ವಿರುದ್ಧ ದಡದ ಊರಿನವರು ಹೋರಾಡಿದ್ದು ನಮ್ಮ ನೆನಪಿನಲ್ಲಿದೆ. ಬಣ್ಣದ್ದೂ ಇದೇ ಕಥೆ. ಆಜೋ ಎಂಬ ಕೃತಕ ಬಣ್ಣಗಳಲ್ಲಿ ಹಾನಿಕರವಾದ ಕೆಲವನ್ನು ಭಾರತ 1990ರ ದಶಕದಲ್ಲೇ ನಿಷೇಧಿಸಿದೆ. ನನ್ನ ಸೀರೆಯ ಕೆಂಪು ಯಾವ ಬಣ್ಣ, ಅದನ್ನು ಎಲ್ಲಿ ಅದ್ದಿದರು, ಅದ್ದಿದ ನೀರು ಎಲ್ಲಿಗೆ ಹೋಯಿತು ಎಂದು ಅಂಗಡಿಯವರನ್ನು ಕೇಳಿದರೆ "ಬಣ್ಣ ಗ್ಯಾರಂಟಿ ಐತ್ರಿ" ಎಂಬ ಉತ್ತರ ಬಂತು. ಪ್ರಾಮಾಣಿಕವಾದ ಉತ್ತರವೇ, ಆದರೆ ನಾನು ಕೇಳಿದ್ದಕ್ಕೆ ಅದು ಉತ್ತರವಲ್ಲ. ಹಾಸು ಹೊಕ್ಕು ಎರಡೂ ಹತ್ತಿಯಾಗಿದ್ದು, ಸೆರಗು ಶುದ್ಧ ರೇಷ್ಮೆಯದಾಗಿದ್ದರೆ ಸೀರೆ ಇನ್ನೂ ದೀರ್ಘಕಾಲ ಬಾಳುತ್ತದೆ ಎಂಬುದು ನನ್ನ ಅನುಭವದ ಮಾತು. ಬೆಲೆಯೂ ಅದಕ್ಕೆ ತಕ್ಕಂತೆ ಏರುತ್ತದೆ ಎಂಬುದನ್ನು ಮರೆಮಾಚುವುದಿಲ್ಲ.

ಈಗ ಆ ಕ್ಯೂಆರ್ ಕಾರ್ಡಿನ ವಿಷಯ. ಬಹಳ ಆಸೆಯಿಂದ ಫೋನ್ ಹಿಡಿದೆ. ತೆರೆದ ಪುಟದಲ್ಲಿ ಅಂಗಡಿಯ ಹೆಸರು, ಹಳೆಯ ಯಜಮಾನರ ಫೋಟೋ, ಪರಂಪರೆಯ ಬಗ್ಗೆ ಎರಡು ಸಾಲು ಇದ್ದವು. ಸೀರೆ ಯಾರು ನೇಯ್ದರು, ಯಾವ ನೂಲು, ಎಷ್ಟು ದಿನ ಹಿಡಿಯಿತು, ಕೂಲಿ ಎಷ್ಟು ಸಂದಿತು ಎಂಬ ಒಂದಕ್ಕೂ ಅಲ್ಲಿ ಉತ್ತರವಿರಲಿಲ್ಲ. ನಾನು ಕೊಂಡ ಸೀರೆಯ ಮೇಲಿದ್ದದ್ದೂ ಪಕ್ಕದ ಸೀರೆಯ ಮೇಲಿದ್ದದ್ದೂ ಒಂದೇ ಗುರುತು. ಆರು ತಿಂಗಳ ಮೇಲೆ ಮತ್ತೆ ಹಿಡಿದಾಗ ಪುಟವೇ ತೆರೆಯಲಿಲ್ಲ. ನೂಲಿಗೆ ನೂಲು ಕೊಂಡಿ ಹಾಕಿ ನೇಯ್ದ ಬಟ್ಟೆಗೆ, ಮಾಹಿತಿಯ ಕೊಂಡಿ ಅಂಗಡಿಯ ಬಾಗಿಲಲ್ಲೇ ಕಳಚಿ ಬಿದ್ದಿರುವುದು ನನಗೆ ನಿಜವಾಗಿಯೂ ನೋವುಂಟುಮಾಡಿತು. 2006ರಿಂದ ಇರುವ ಹ್ಯಾಂಡ್‌ಲೂಮ್ ಮಾರ್ಕ್ ಬಟ್ಟೆ ಕೈಮಗ್ಗದ್ದು ಎಂಬ ಭರವಸೆ ಕೊಡುತ್ತದೆ, ಅದರ ಬೆಲೆ ದೊಡ್ಡದು. ಅದರ ಮುಂದಿನ ಹೆಜ್ಜೆಯನ್ನು ಮಾರುವವರು ಇಡಬೇಕು. ಪ್ರತಿ ಸೀರೆಗೂ ಪ್ರತ್ಯೇಕ ಗುರುತು ಕೊಟ್ಟು, ನೇಯ್ದವರ ಒಪ್ಪಿಗೆ ಪಡೆದು ಅವರ ಹೆಸರು, ನೂಲಿನ ವಿವರ, ಬಣ್ಣದ ಬಗೆ, ಮಗ್ಗದಿಂದ ಇಳಿದ ದಿನಾಂಕ ಇಷ್ಟನ್ನು ಬರೆದರೂ ಸಾಕು.

ಇದು ಅತಿಯಾಸೆಯಲ್ಲ. ಯುರೋಪ್ ಒಕ್ಕೂಟದಲ್ಲಿ 2024ರ ಜುಲೈನಲ್ಲಿ ಜಾರಿಗೆ ಬಂದ ನಿಯಮಾವಳಿಯು ಸರಕುಗಳಿಗೆ ಅವುಗಳ ಮೂಲ ಮತ್ತು ವಿವರ ತಿಳಿಸುವ ಡಿಜಿಟಲ್ ಪಾಸ್‌ಪೋರ್ಟ್ ಕೊಡುವ ದಾರಿ ತೆರೆದಿದೆ, ಮೊದಲ ಸಾಲಿನಲ್ಲಿ ಜವಳಿಯೂ ಇದೆ. ಅಲ್ಲಿಗೆ ಬಟ್ಟೆ ಕಳಿಸುವ ನಮ್ಮ ಕಾರ್ಖಾನೆಗಳು ಇಂದಲ್ಲ ನಾಳೆ ಎಳೆಯ ಮೂಲವನ್ನು ದಾಖಲಿಸಲೇಬೇಕಾಗುತ್ತದೆ. ಅಷ್ಟು ದೂರ ಹೋಗುವುದೂ ಬೇಡ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇ-ಹರಾಜು ಬಂದ ಮೇಲೆ ಗೂಡು ತಂದ ರೈತನಿಗೆ ತನ್ನ ಲಾಟಿಗೆ ಕೂಗಿದ ಬೆಲೆ ಕಣ್ಣಮುಂದೆ ಕಾಣುತ್ತದೆ. ಅದೇ ರೇಷ್ಮೆ ನೂಲಾಗಿ ಇಳಕಲ್‌ನ ದಡಿಗೆ ಬಂದಾಗ ಎಲ್ಲ ಲೆಕ್ಕವೂ ಮಸುಕಾಗುತ್ತದೆ. ಗೂಡಿಗೆ ಇರುವ ದಾಖಲೆ ಸೀರೆಗೆ ಯಾಕಿಲ್ಲ? ಮೊಟ್ಟಮೊದಲ ಕೊಂಡಿ ನಮ್ಮಲ್ಲೇ ಇದೆ, ಮುಂದಿನವನ್ನು ಹಾಕುವ ಕೆಲಸ ಬಾಕಿಯಿದೆ.

ಅಂಗಡಿಯ ಆ ಹಿರಿಯಾಕೆಯೇ ನನ್ನನ್ನು ನೇಯುವವರ ಮನೆಗೆ ಕರೆದುಕೊಂಡು ಹೋದರು. ಒಂದೇ ಕೋಣೆ, ಅದರ ಅರ್ಧದಷ್ಟು ಮಗ್ಗ, ಗೋಡೆಯ ಬದಿಗೆ ಕಂಡಿಕೆ ಸುತ್ತುವ ರಾಟೆ. ನೇಯುತ್ತಿದ್ದಾಕೆ ಲಾಳಿ ನಿಲ್ಲಿಸಿ ಮಾತಿಗೆ ಬರುವ ಮುನ್ನ ಸೆರಗಿನಿಂದ ಹಣೆ ಒರೆಸಿಕೊಂಡು, ಹೊಕ್ಕಿನ ತುದಿಯನ್ನು ಹಣಿಗೆಯ ಹಲ್ಲಿಗೆ ಸಿಕ್ಕಿಸಿ ಎದ್ದರು, ಎಳೆ ಜಾರಬಾರದಲ್ಲ. ನೂಲನ್ನು ಕೆಲಸ ಹಚ್ಚಿದ ಯಜಮಾನ ಕೊಡುತ್ತಾನೆ, ಸೀರೆಯನ್ನು ಯಜಮಾನನೇ ಒಯ್ಯುತ್ತಾನೆ, ಇವರಿಗೆ ಕೂಲಿ. ನಾನು ಕೊಟ್ಟ 4,200ರಲ್ಲಿ ನೂಲಿನ ಖರ್ಚು, ಬಣ್ಣದ ಖರ್ಚು, ಅಂಗಡಿಯ ಲಾಭ ಕಳೆದು ಉಳಿದದ್ದನ್ನು ಏಳು ದಿನಕ್ಕೂ ಇಬ್ಬರ ದುಡಿಮೆಗೂ ಹಂಚಿದರೆ, ಮನೆಯ ಹುಡುಗರು ಮಗ್ಗ ಬಿಟ್ಟು ಬೇರೆ ಊರಿಗೆ ಕೂಲಿಗೆ ಹೋಗುವುದು ಯಾಕೆಂದು ತಿಳಿಯಲು ಹೆಚ್ಚು ಲೆಕ್ಕ ಬೇಕಾಗುವುದಿಲ್ಲ. ಈ ಕಸುಬಿನ ತಾಳಿಕೆ ನಿಂತಿರುವುದು ಇಷ್ಟು ತೆಳುವಾದ ಎಳೆಯ ಮೇಲೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದಂಥ ನೇಕಾರಿಕೆಯ ಊರಿಗೆ ನೀರು ನುಗ್ಗಿತು. ಕುಣಿ ಮಗ್ಗ ನೆಲದೊಳಗಿರುವ ವಸ್ತು, ನೀರು ಮೊದಲು ತುಂಬುವುದು ಅಲ್ಲಿಗೇ. ಮರುವರ್ಷ ಕೊರೊನಾ ಲಾಕ್‌ಡೌನ್‌ನಲ್ಲಿ ಮದುವೆಗಳು ನಿಂತು ಸೀರೆಯ ವ್ಯಾಪಾರವೂ ನಿಂತಿತು. ಅದೇ 2020ರ ಜುಲೈನಲ್ಲಿ, ರಾಷ್ಟ್ರೀಯ ಕೈಮಗ್ಗ ದಿನಕ್ಕೆ ಕೆಲವೇ ದಿನ ಇರುವಾಗ, ಕೈಮಗ್ಗದ ವಿಷಯದಲ್ಲಿ ಸರ್ಕಾರಕ್ಕೆ ಸಲಹೆ ಕೊಡುತ್ತಿದ್ದ ಅಖಿಲ ಭಾರತ ಕೈಮಗ್ಗ ಮಂಡಳಿಯನ್ನು ಕೇಂದ್ರ ಸರ್ಕಾರ ರದ್ದುಮಾಡಿತು. ರಾಜ್ಯದ ನೇಕಾರ ಸಮ್ಮಾನ್ ಯೋಜನೆ ವರ್ಷಕ್ಕೆ 2,000 ರೂಪಾಯಿಯಿಂದ ಶುರುವಾಗಿ ಮುಂದೆ 5,000ಕ್ಕೆ ಏರಿತು, ಹಣ ನೇರವಾಗಿ ಖಾತೆಗೆ ಬರುವುದು ಒಳ್ಳೆಯದೇ. ಆದರೆ ವರ್ಷಕ್ಕೊಮ್ಮೆ ಬರುವ ಆ ಮೊತ್ತ ಒಂದು ಸೀರೆಯ ಬೆಲೆಗಿಂತ ಸ್ವಲ್ಪವೇ ಹೆಚ್ಚು.

ಹಾಗಿದ್ದರೂ ಅದೇ ಕೋಣೆಯಲ್ಲಿ ಭರವಸೆ ಹುಟ್ಟಿಸುವ ಒಂದನ್ನು ಕಂಡೆ. ಮನೆಯ ಮಗಳು, ಪಿಯುಸಿ ಓದುತ್ತಿದ್ದ ಹುಡುಗಿ, ಮುಗಿದ ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಮೊದಲು ಮುಂಭಾಗದ, ಆಮೇಲೆ ಹಿಂಭಾಗದ ಫೋಟೋ ತೆಗೆಯುತ್ತಿದ್ದಳು. ಹಿಂಭಾಗ ಯಾಕೆ ಎಂದು ಕೇಳಿದೆ. "ಕೊಂಡಿ ಕಾಣಬೇಕಲ್ರಿ, ಇಲ್ಲಂದ್ರ ಮಂದಿ ನಂಬಂಗಿಲ್ಲ" ಎಂದಳು. ವಾಟ್ಸಾಪ್‌ನಲ್ಲಿ ಆಗೊಮ್ಮೆ ಈಗೊಮ್ಮೆ ನೇರವಾಗಿ ಒಂದೆರಡು ಬೇಡಿಕೆ ಬರುತ್ತವೆ, ಆ ಸೀರೆಗಳಿಗೆ ನೂಲು ಅವರದ್ದೇ, ಲಾಭವೂ ಅವರದ್ದೇ. ದುಬಾರಿ ತಂತ್ರಜ್ಞಾನ ಯಾವುದೂ ಇಲ್ಲದೆ, ಅಂಗಡಿಯ ಕ್ಯೂಆರ್ ಮಾಡದ ಕೆಲಸವನ್ನು ಆ ಹುಡುಗಿಯ ಎರಡು ಫೋಟೋ ಮಾಡುತ್ತಿದ್ದವು.

ಸೀರೆಗೆ ನಾನು ಕೊಡುವ ಅಂಕ ಹತ್ತಕ್ಕೆ ಎಂಟು. ಕಳೆದ ಎರಡು ಅಂಕದಲ್ಲಿ ಒಂದು ಚಮಕಾ ಸೆರಗಿನದು, ಇನ್ನೊಂದು ಬಣ್ಣದ ಬಗ್ಗೆ ಉತ್ತರ ಸಿಗದಿದ್ದದ್ದಕ್ಕೆ. ನೇಯ್ಗೆಗೆ ಕಳೆಯುವಂಥದ್ದು ಏನೂ ಇಲ್ಲ. ಅಂಗಡಿಯ ವ್ಯವಹಾರ ಸಭ್ಯವಾದದ್ದು, ಆದರೆ ಆ ಕ್ಯೂಆರ್ ಕಾರ್ಡಿಗೆ ನಾನು ಒಂದೂ ಅಂಕ ಕೊಡಲಾರೆ. ಕೊಳ್ಳುವವರಿಗೆ ನನ್ನ ಸಲಹೆ: ಅಂಗಡಿಯಲ್ಲಾದರೆ ಸೀರೆಯನ್ನು ತಿರುವಿ ಕೊಂಡಿಯನ್ನೂ ಸೆರಗಿನ ಕುಣಿಕೆಯನ್ನೂ ಬೆರಳಿನಿಂದ ಮುಟ್ಟಿ ನೋಡಿ, ಆನ್‌ಲೈನ್ ಆದರೆ ಹಿಂಭಾಗದ ಫೋಟೋ ಕಳಿಸಲು ಕೇಳಿ, ಕೊಡದಿದ್ದರೆ ಕೊಳ್ಳಬೇಡಿ. ರಸೀದಿಯಲ್ಲಿ ಕೈಮಗ್ಗ ಎಂಬ ಪದವನ್ನು ಬರೆಸಿಕೊಳ್ಳಿ. ದಿನನಿತ್ಯ ಬಳೆ ತೊಡುವವರು ಸ್ವಲ್ಪ ಹೆಚ್ಚು ಕೊಟ್ಟು ಶುದ್ಧ ರೇಷ್ಮೆಯ ಸೆರಗು ತೆಗೆದುಕೊಳ್ಳುವುದು ಒಳ್ಳೆಯದು.

ಎರಡನೆಯ ಸೀರೆಯನ್ನು ನಾನು ಆ ಮನೆಗೇ ಹೇಳಿದ್ದೇನೆ. ದಾಳಿಂಬೆಗೆಂಪು ಒಡಲು, ಗೋಮಿ ಎಂಬ ಸಾಂಪ್ರದಾಯಿಕ ವಿನ್ಯಾಸದ ದಡಿ, ರೇಷ್ಮೆ ಸೆರಗು. ನೂಲಿಗೆ ಮುಂಗಡವನ್ನು ನೇಯುವಾಕೆಯ ಖಾತೆಗೇ ಹಾಕಿದೆ, ಸೆರಗಿನ ಮೂಲೆಯಲ್ಲಿ ತಾಯಿ ಮಗಳು ಇಬ್ಬರ ಹೆಸರನ್ನೂ ದಾರದಲ್ಲಿ ಹೊಲಿದು ಕೊಡಬೇಕೆಂದು ಕೇಳಿಕೊಂಡಿದ್ದೇನೆ. ಕಳೆದ ವಾರ ಹುಡುಗಿ ಒಂದು ಫೋಟೋ ಕಳಿಸಿದಳು: ಎರಡು ಹಾಸುಗಳ ನಡುವೆ ಅರ್ಧದವರೆಗೆ ಕುಣಿಕೆ ಹಾಕಿ ಮುಗಿದಿದೆ, ಇನ್ನರ್ಧದ ಎಳೆಗಳು ಬಿಡಿಬಿಡಿಯಾಗಿ ತೂಗುತ್ತಿವೆ. ನಾಗರ ಪಂಚಮಿಯ ಹೊತ್ತಿಗೆ ಸೀರೆ ಕೈಸೇರುತ್ತದೆ ಎಂದಿದ್ದಾಳೆ.